ಕಲಬುರಗಿ ಕಡೆ ಹಕ್ಕಿ ನೋಡುವವರಿಗೆ ಮರ್ಲಿನ್ ಸಾಕಾ, ಈಬರ್ಡ್ ಬೇಕಾ?

ಹೊಸಬರಿಗೂ ಹಳಬರಿಗೂ ಒಂದೇ ಆಪ್ ಸಾಕು ಅನ್ನುವ ಜಾಹೀರಾತನ್ನು ನಾನಂತೂ ನಂಬುವುದಿಲ್ಲ. ಹೊಸಬರ ಪ್ರಶ್ನೆ ಒಂದೇ, ಇದು ಯಾವ ಹಕ್ಕಿ? ಹಳಬರಿಗೆ ಹೆಸರು ಗೊತ್ತಿರುತ್ತದೆ, ಎಲ್ಲಿ ಎಷ್ಟಿದ್ದವು ಅಂತ ಬೇಗ ಬರೆದು ಫೋನನ್ನು ಜೇಬಿಗೆ ಹಾಕಿ ಮತ್ತೆ ಬೈನಾಕ್ಯುಲರ್ ಎತ್ತಬೇಕು, ಅಷ್ಟೇ. ಈ ಎರಡು ಕೆಲಸಕ್ಕೆ ಎರಡು ಆಪ್ ಮಾಡಿದ್ದೇ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರ ಜಾಣತನ. ಮರ್ಲಿನ್ ಮೊದಲಿನದಕ್ಕೆ, ಈಬರ್ಡ್ ಎರಡನೆಯದಕ್ಕೆ. ಎರಡೂ ಉಚಿತ, ಜಾಹೀರಾತಿನ ಕಾಟ ಇಲ್ಲ. ಕಲಬುರಗಿ, ಬೀದರ್, ಯಾದಗಿರಿ ಸುತ್ತ ಹಕ್ಕಿ ನೋಡಲು ಶುರು ಮಾಡುವವರು ಯಾವುದನ್ನು ಹಾಕಿಕೊಳ್ಳಬೇಕು ಅಂತ ಕೇಳುತ್ತಿರುತ್ತಾರೆ, ಅವರಿಗಾಗಿ ಇದು.

ಮೊದಲು ಮರ್ಲಿನ್. ಎಲ್ಲಿ ನೋಡಿದಿರಿ, ಯಾವಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು. ಈ ಐದು ಪ್ರಶ್ನೆ ಕೇಳಿ ಹಕ್ಕಿಗಳ ಒಂದು ಪಟ್ಟಿ ಮುಂದಿಡುತ್ತದೆ. ಕೇಳಲು ಸಾದಾ ಅನ್ನಿಸುತ್ತದೆ, ಆದರೆ ಹಕ್ಕಿಯನ್ನು ಹೇಗೆ ನೋಡಬೇಕು ಅಂತ ಸುಮ್ನೆ ಕಲಿಸಿಬಿಡುವುದೂ ಇದೇ ಪ್ರಶ್ನೆಗಳು. ನಾಲ್ಕು ಸಲ ಉತ್ತರ ಕೊಟ್ಟ ಮೇಲೆ ಐದನೇ ಹಕ್ಕಿ ಕಂಡಾಗ ಫೋನ್ ತೆಗೆಯುವ ಮೊದಲೇ ಕಣ್ಣು ಗಾತ್ರ, ಬಣ್ಣ, ಬಾಲ ಅಂತ ಹುಡುಕಲು ಶುರು ಮಾಡುತ್ತದೆ. ಫೋಟೋ ಕೊಟ್ಟರೂ ಗುರುತು ಹಿಡಿಯುತ್ತದೆ. ಆದರೆ ಕೆರೆಯ ನಡುವೆ ಕೂತ ಬಾತುಕೋಳಿಯ ಫೋಟೋವನ್ನು ಫೋನ್‌ನಲ್ಲಿ ಜೂಮ್ ಮಾಡಿ ತೆಗೆದರೆ ಬರುವುದು ಒಂದು ಕಪ್ಪು ಚುಕ್ಕೆ, ಅದಕ್ಕೆ ಆಪ್ ಏನು ಮಾಡೀತು?

ಗಾತ್ರದ ಪ್ರಶ್ನೆಯ ಬಗ್ಗೆ ನನಗೊಂದು ತಕರಾರಿದೆ. ಅಲ್ಲಿನ ಅಳತೆ ಗುಬ್ಬಿ, ರಾಬಿನ್, ಕಾಗೆ, ಹೆಬ್ಬಾತು. ಆ ರಾಬಿನ್ ಅಮೆರಿಕದ್ದು, ಹತ್ತಿರ ಹತ್ತಿರ 25 ಸೆಂಟಿಮೀಟರ್ ಉದ್ದ. ನಮ್ಮ ಹೊಲದ ಬದುವಿನ ಮೇಲೆ ಬಾಲ ಎತ್ತಿಕೊಂಡು ಓಡಾಡುವ ರಾಬಿನ್ ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ನಮ್ಮ ಹಳೇ ಪಕ್ಷಿವೀಕ್ಷಕರು ಗುಬ್ಬಿ, ಪಿಕಳಾರ, ಗೊರವಂಕ, ಪಾರಿವಾಳ, ಕಾಗೆ ಅಂತಲೇ ಅಳೆಯುವುದು. ಭಾರತದ ಪ್ಯಾಕ್, ಅಂದರೆ ಇಲ್ಲಿನ ಹಕ್ಕಿಗಳ ಮಾಹಿತಿಯ ಕಟ್ಟು, ಫೋನಿಗೆ ಇಳಿಸಿಕೊಂಡವರಿಗೆ ರಾಬಿನ್ ಜಾಗದಲ್ಲಿ ಗೊರವಂಕ ತೋರಿಸಿದರೆ ಸಾಕು, ಯಾದಗಿರಿಯ ಶಾಲೆ ಮಕ್ಕಳೂ ಗೊಂದಲ ಇಲ್ಲದೆ ಒತ್ತುತ್ತಾರೆ. ಸಣ್ಣ ಬದಲಾವಣೆ, ಆದರೆ ಹೊಸಬರು ಎಡವುವುದು ಇಂಥಲ್ಲೇ.

ಇನ್ನು ಧ್ವನಿಯಿಂದ ಗುರುತಿಸುವ ಸೌಂಡ್ ಐಡಿ. 2021ರಲ್ಲಿ ಬಂತು, ಜನ ಮರುಳಾಗಿದ್ದು ಇದಕ್ಕೇ. ಫೋನ್ ಹಿಡಿದು ನಿಂತರೆ ಕೂಗುತ್ತಿರುವ ಹಕ್ಕಿಯ ಹೆಸರು ಪರದೆ ಮೇಲೆ ಮೂಡುತ್ತದೆ, ಪ್ಯಾಕ್ ಇಳಿಸಿಕೊಂಡಿದ್ದರೆ ಇದಕ್ಕೆ ನೆಟ್ ಕೂಡ ಬೇಡ. ಚಿಂಚೋಳಿ ಕಾಡಿನಂಥ ಜಾಗದಲ್ಲಿ, ಎಲೆಗಳ ನಡುವೆ ಏನೂ ಕಾಣದಿದ್ದಾಗ, ಇದು ನಿಜಕ್ಕೂ ಉಪಕಾರಿ. ಆದರೆ ಅದು ಹೇಳಿದ್ದನ್ನು ತೀರ್ಪು ಅಂತ ತೆಗೆದುಕೊಳ್ಳಬೇಡಿ, ಸುಳಿವು ಅಂತ ತೆಗೆದುಕೊಳ್ಳಿ. ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುತ್ತದೆ, ಶಿಕ್ರಾ ಅನ್ನುವ ಸಣ್ಣ ಬೇಟೆಹಕ್ಕಿಯ ಕೂಗನ್ನಂತೂ ಹಾಗೇ ಕೂಗುತ್ತದೆ. ಗಾಳಿ, ಟ್ರ್ಯಾಕ್ಟರ್ ಸದ್ದು ಸೇರಿದರೆ ಕೇಳಲೇಬೇಡಿ. ಕಿವಿಗೆ ಬಿದ್ದಿದ್ದನ್ನು ಕಣ್ಣಿಂದ ನೋಡಿ ಆಮೇಲೆ ಬರೆದುಕೊಳ್ಳಿ.

ಈಬರ್ಡ್ ಶುರುವಾಗಿದ್ದು 2002ರಲ್ಲಿ. ಮೊದಲ ಸಲ ತೆರೆದವರಿಗೆ ಇದು ಸ್ವಲ್ಪ ಒಣ ಅನ್ನಿಸುತ್ತದೆ. ಚಿತ್ರಗಳ ಅಬ್ಬರ ಇಲ್ಲ, ಒಂದು ಪಟ್ಟಿ, ಪಕ್ಕದಲ್ಲಿ ಸಂಖ್ಯೆ. ಆ ಒಣತನವೇ ಇದರ ಗುಣ ಅಂತ ನನಗೆ ಅನ್ನಿಸುವುದು ಹೊಲದಲ್ಲಿ ನಿಂತಾಗ. ಸಂಖ್ಯೆ ಮತ್ತು ಹೆಸರಿನ ನಾಲ್ಕಕ್ಷರ ಟೈಪ್ ಮಾಡಿದರೆ ಆಯ್ತು, ಮುಂದಿನ ಹಕ್ಕಿ. ನಡೆದ ದಾರಿ, ಹೊತ್ತು, ದೂರ ಎಲ್ಲವನ್ನೂ ತಾನೇ ಬರೆದುಕೊಳ್ಳುತ್ತದೆ. ಕೊನೆಗೆ ಕೇಳುವ ಪ್ರಶ್ನೆ ನನಗೆ ತುಂಬಾ ಇಷ್ಟ: ಗುರುತು ಹಿಡಿದ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಅಂದರೆ, ಬರೆಯದೇ ಇರುವ ಹಕ್ಕಿ ಆ ಹೊತ್ತಿಗೆ ನಿಮಗೆ ಸಿಗಲಿಲ್ಲ ಅನ್ನುವುದೂ ದಾಖಲೆ ಆಗುತ್ತದೆ. ಅಪರೂಪದ್ದು ಮಾತ್ರ ಹಾಕಿ ಕಾಗೆ, ಗೊರವಂಕ ಬಿಡುವ ಚಟ ನಮ್ಮಲ್ಲಿ ಜಾಸ್ತಿ, ಅಲ್ವಾ? ಆ ಚಟಕ್ಕೆ ಈ ಪ್ರಶ್ನೆಯೇ ಮದ್ದು.

ಎಣಿಕೆ ಮಾತ್ರ ಹೊಸಬರನ್ನು ಹೆದರಿಸುತ್ತದೆ. ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳು ಮೋಡದ ಹಾಗೆ ಬಂದು ಇಳಿದರೆ ಯಾರು ಎಣಿಸುತ್ತಾರೆ? ಸಂಖ್ಯೆ ಬದಲು ಎಕ್ಸ್ ಹಾಕಿದರೂ ನಡೆಯುತ್ತದೆ, ಆದರೆ ಒಂದು ತುಂಡಿನಲ್ಲಿ ಐವತ್ತು ಎಣಿಸಿ ಅಂಥ ಎಷ್ಟು ತುಂಡುಗಳಿವೆ ಅಂತ ಅಂದಾಜು ಹಾಕುವುದು ವಾಸಿ. ಹಾಗೆಯೇ ಚಳಿಗಾಲದಲ್ಲಿ ತೊಗರಿ ಹೊಲದ ಮೇಲೆ ತೇಲುವ ಹ್ಯಾರಿಯರ್ ಅನ್ನುವ ಬೇಟೆಹಕ್ಕಿಗಳು. ಅವುಗಳಲ್ಲಿ ಮಾಂಟೆಗು ಮತ್ತು ಪ್ಯಾಲಿಡ್ ಅನ್ನುವ ಎರಡು ಜಾತಿಯ ಹೆಣ್ಣುಗಳನ್ನು ದೂರದಿಂದ ಬೇರೆ ಮಾಡುವುದು ಹಳಬರಿಗೂ ಕಷ್ಟ. ಅದಕ್ಕೆ ಎರಡರಲ್ಲಿ ಒಂದು ಅಂತ ಬರೆಯುವ ಆಯ್ಕೆ ಪಟ್ಟಿಯಲ್ಲೇ ಇದೆ. ಗೊತ್ತಿಲ್ಲ ಅಂತ ಹೇಳಲು ಜಾಗ ಕೊಟ್ಟಿರುವ ಆಪ್ ನನಗೆ ದೊಡ್ಡದು.

ಒಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಈ ಜಾಗದಲ್ಲಿ, ಈ ತಿಂಗಳಲ್ಲಿ ಯಾವ ಹಕ್ಕಿ ಸಿಗಬಹುದು ಅಂತ ಮರ್ಲಿನ್ ಊಹಿಸುವುದು ಈಬರ್ಡ್‌ಗೆ ಜನ ಕೊಟ್ಟ ಪಟ್ಟಿಗಳಿಂದಲೇ. ಬೆಂಗಳೂರು, ಮೈಸೂರಿನಲ್ಲಿ ಪಟ್ಟಿಗಳು ರಾಶಿ ಬಿದ್ದಿವೆ. ನಮ್ಮ ಕಡೆ ಹಾಗಿಲ್ಲ. ಸುರಪುರ ಹತ್ತಿರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಅವುಗಳನ್ನು ನೋಡಲು ಬರುವವರು ಫೋಟೋ ತೆಗೆದು ಸ್ಟೇಟಸ್ ಹಾಕಿ ಮನೆಗೆ ಹೋಗುತ್ತಾರೆ. ಬೀದರ್ ಕೋಟೆಯ ಕಂದಕ, ಪಾಪನಾಶ ಕೆರೆ, ಕಾರಂಜಾ ಹಿನ್ನೀರು, ಕಲಬುರಗಿಯ ಅಪ್ಪನ ಕೆರೆ, ಇಲ್ಲೆಲ್ಲಾ ಓಡಾಡುವ ಹಳಬರು ನೋಟ್‌ಬುಕ್‌ನಲ್ಲಿ ಇಟ್ಟುಕೊಂಡ ಲೆಕ್ಕ ಈಬರ್ಡ್‌ಗೆ ಬರದಿದ್ದರೆ ಹೊಸಬರ ಮರ್ಲಿನ್ ನಮ್ಮ ಜಿಲ್ಲೆಯಲ್ಲಿ ಅರೆಕುರುಡಾಗೇ ಇರುತ್ತದೆ. ಹಳೇ ತಾರೀಖಿನ ಪಟ್ಟಿಯನ್ನೂ ಹಾಕಬಹುದು, ಅದಕ್ಕೆ ಅಡ್ಡಿ ಇಲ್ಲ.

ಇವೆರಡರ ಜೊತೆ ಹೋಲಿಸಲು ಕಾಸು ಕೊಟ್ಟು ಇನ್ನೊಂದು ಆಪ್ ಕೂಡ ಹಾಕಿದ್ದೆ, ಹೆಸರು ಬೇಡ. ಪದಕ, ಅಂಕ, ಯಾರು ಯಾರನ್ನು ಹಿಂದೆ ಹಾಕಿದರು ಅನ್ನುವ ಗದ್ದಲ. ಹಕ್ಕಿ ಹೆಸರು ಬರೆಯಲು ನಾಲ್ಕು ಪರದೆ ದಾಟಬೇಕು. ಎಲ್ಲಕ್ಕಿಂತ ಸಿಟ್ಟು ಬಂದಿದ್ದು, ಯಾರೋ ಹಾಕಿದ ಗೂಬೆ ಗೂಡಿನ ಫೋಟೋ ನಕ್ಷೆಯಲ್ಲಿ ಮರದ ಸಮೇತ ಎಲ್ಲರಿಗೂ ಕಾಣುತ್ತಿತ್ತು. ಈಬರ್ಡ್ ಬೇಟೆ, ಕಳ್ಳಸಾಗಣೆ ಭಯ ಇರುವ ಹಕ್ಕಿಗಳ ಜಾಗವನ್ನು ಮುಚ್ಚಿಡುತ್ತದೆ. ಹೊಸದಾಗಿ ಆಪ್ ಮಾಡುವವರು ಮೊದಲು ಇದನ್ನು ನೋಡಿ ಕಲಿಯಲಿ.

ಹಾಕಿಕೊಳ್ಳುವವರಿಗೆ ಒಂದೆರಡು ಮಾತು. ಮರ್ಲಿನ್ ಪ್ಯಾಕ್ ದೊಡ್ಡದು, ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ, ಕೆರೆ ಏರಿ ಮೇಲೆ ಸಿಗ್ನಲ್ ನಂಬಿಕೊಂಡು ಹೋಗಬೇಡಿ. ಈಬರ್ಡ್‌ನಲ್ಲೂ ಹೊರಡುವ ಮುಂಚೆ ಆಫ್‌ಲೈನ್ ಪ್ಯಾಕ್ ಹಾಕಿಕೊಳ್ಳಿ. ದಾರಿ ಗುರುತಿಸಲು ಜಿಪಿಎಸ್ ಓಡುತ್ತಿರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಇರಲಿ. ಎರಡಕ್ಕೂ ಒಂದೇ ಖಾತೆ ಸಾಕು. ಮರ್ಲಿನ್‌ಗೆ ಐದಕ್ಕೆ ನಾಲ್ಕು, ಆ ಒಂದು ಅಂಕ ಗೊರವಂಕಕ್ಕಾಗಿ ಕಳೆದದ್ದು. ಈಬರ್ಡ್‌ಗೆ ನಾಲ್ಕೂವರೆ. ಈಬರ್ಡ್ ರೂಢಿ ಮಾಡಿಕೊಳ್ಳಲು ಫೆಬ್ರುವರಿಯಲ್ಲಿ ಎಲ್ಲರೂ ಸೇರಿ ಹಕ್ಕಿ ಎಣಿಸುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಒಳ್ಳೆ ಸಮಯ, ನಾಲ್ಕು ದಿನ ನಡೆಯುತ್ತದೆ, 15 ನಿಮಿಷದ ಪಟ್ಟಿ ಕೊಟ್ಟರೂ ಲೆಕ್ಕಕ್ಕೆ ಬರುತ್ತದೆ, ಮನೆ ಮಾಳಿಗೆ ಮೇಲಿಂದಲೂ ಆಗುತ್ತದೆ.