ಟೈರಿನ ಮೇಲೆ ಎಂ+ಎಸ್ ಇದೆ ಅಂತ ಹಿಮಕ್ಕೆ ಸ್ಪೋರ್ಟ್ಸ್ ಕಾರು ಇಳಿಸಬೇಡಿ

ಜರ್ಮನಿಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವ ಯೋಚನೆಯಲ್ಲಿರುವ ಕನ್ನಡದ ಗೆಳೆಯರಿಗೆ ಈ ಮಾತು. ಮಾರುವವರು "ಚಳಿಗಾಲಕ್ಕೂ ಇದೇ ಟೈರು ನಡೆಯುತ್ತೆ" ಅಂದರೆ ನಂಬಿ ಬರಬೇಡಿ. ಬಗ್ಗಿ ನಾಲ್ಕೂ ಟೈರಿನ ಪಕ್ಕ ನೋಡಿ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಆ ಗುರುತು ಇಲ್ಲದಿದ್ದರೆ ಅದು ಹಿಮದ ಟೈರಲ್ಲ.

ನಾವು ಕೊಂಡಿದ್ದು ಹಳೆಯ ಬಿಎಂಡಬ್ಲ್ಯು ಝಡ್4. ಎರಡೇ ಸೀಟು, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೆ. ಟೈರಿನ ಮೇಲಿದ್ದ ಎಂ+ಎಸ್ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಕ್ಷರ ತೋರಿಸಿ, ಚಳಿಗಾಲದ ಟೈರಿನ ಕಾನೂನಿಗೂ ಇಷ್ಟು ಸಾಕು ಎಂದು ಮಾರಿದವನು ಬಾಯಿಮಾತಲ್ಲಿ ಭರವಸೆ ಕೊಟ್ಟ. ಅದು ಸುಳ್ಳು. 2017ರ ಕೊನೆಯವರೆಗೆ ತಯಾರಾದ ಎಂ+ಎಸ್ ಟೈರುಗಳಿಗೆ ಇದ್ದ ವಿನಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿದುಹೋಗಿದೆ. ಈಗ ಬೆಟ್ಟದ ಗುರುತು ಇದ್ದರೆ ಮಾತ್ರ ಲೆಕ್ಕ. ಆ ಗುರುತು ಸಿಗಬೇಕಾದರೆ ಟೈರು ಹಿಮದ ಪರೀಕ್ಷೆ ಪಾಸಾಗಬೇಕು. ಎಂ+ಎಸ್‌ಗೆ ಅಂಥ ಕಟ್ಟುನಿಟ್ಟು ಇಲ್ಲ.

ಕಳೆದ ಚಳಿಗಾಲ, ಸಂಕ್ರಾಂತಿ ಮುಗಿದ ಭಾನುವಾರ, ಸ್ಟುಟ್‌ಗಾರ್ಟ್‌ನಿಂದ ಊಲ್ಮ್‌ಗೆ ಗೆಳೆಯರ ಮನೆಗೆ ಹೊರಟಿದ್ದೆವು. ಎ8 ಹೆದ್ದಾರಿ ಶ್ವೇಬಿಶೆ ಆಲ್ಬ್ ಬೆಟ್ಟ ಹತ್ತುವ ಕಡೆ ಹಿಮ ಬೀಳುತ್ತಿತ್ತು. ಮುಂದಿನ ವಾಹನಗಳು ನಿಂತವು, ನಾವೂ ನಿಂತೆವು. ಮತ್ತೆ ಹೊರಡುವಾಗ ಆಕ್ಸಿಲರೇಟರ್ ಮೇಲೆ ಕಾಲು ಇಟ್ಟಿದ್ದಷ್ಟೇ. ಚಕ್ರ ಜಾರುತ್ತಿದೆ ಎಂದು ಎಚ್ಚರಿಸುವ ಹಳದಿ ದೀಪ ಪಟಪಟ ಮಿನುಗಿತು, ಹಿಂಭಾಗ ಬಲಕ್ಕೆ ಜಾರಿತು, ಕಾರು ಎರಡು ಲೇನಿಗೂ ಅಡ್ಡಲಾಗಿ ನಿಂತಿತು. ಸ್ಟೀರಿಂಗ್ ಎತ್ತ ತಿರುಗಿಸಿದರೂ ಪ್ರಯೋಜನವಿಲ್ಲ. "ರೀ, ಹಿಂದೆ ಲಾರಿ" ಅಂದಳು ಹೆಂಡತಿ. ಅವಳ ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲಿತ್ತು. ಆ ಲಾರಿ ಡ್ರೈವರ್ ಸಾಕಷ್ಟು ದೂರ ಬಿಟ್ಟು ಬರುತ್ತಿದ್ದ. ಅದಕ್ಕೇ ನಾವು ಉಳಿದೆವು.

ಪೊಲೀಸರು ಬಂದು ಟಾರ್ಚ್ ಬಿಟ್ಟಿದ್ದು ಮೊದಲು ಟೈರಿನ ಮೇಲೆ. ದಾರಿಗೆ ಅಡ್ಡಿಯಾಗಿದ್ದಕ್ಕೆ 80 ಯೂರೊ ದಂಡ, ಲೈಸೆನ್ಸಿಗೆ ತಪ್ಪಿನ ಲೆಕ್ಕದ ಒಂದು ಪಾಯಿಂಟ್. ಬರೀ ತಪ್ಪು ಟೈರಿಗಾದರೆ 60 ಯೂರೊ, ಪಾಯಿಂಟ್ ತಪ್ಪುವುದಿಲ್ಲ. ಕಾರು ನೆಲಕ್ಕೆ ತೀರಾ ಹತ್ತಿರ ಅಲ್ವಾ, ಹಿಮ ಗುಡಿಸಿ ಗುಡಿಸಿ ಮುಂದಿನ ಬಂಪರಿನ ಅಡಿ ಕಿತ್ತು ಬಂದಿತ್ತು. ಮಾರಿದವನಿಗೆ ಫೋನ್ ಮಾಡಿದರೆ, "ಕಾಗದದಲ್ಲಿ ಎಲ್ಲಿ ಬರೆದಿದೆ?" ಅಂತ ಕೈ ಎತ್ತಿಬಿಟ್ಟ. ನೀವು ಟೈರಿನ ಗುರುತು, ತಯಾರಾದ ವರ್ಷ ಎರಡನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 3716 ಅಂದರೆ 2016ರ 37ನೇ ವಾರ. ನಮ್ಮದು ಅದೇ. ಬಟನ್ (ಟೈರಿನ ಮೇಲ್ಮೈಯ ಉಬ್ಬು ಅಚ್ಚು) ಚೆನ್ನಾಗೇ ಇತ್ತು, ಆದರೆ ರಬ್ಬರಿಗೆ ಉಗುರು ಒತ್ತಿದರೆ ಗುರುತೂ ಬೀಳುತ್ತಿರಲಿಲ್ಲ. ಹಿಡಿತ ಕೊಡುವುದು ಬಟನ್ ಒಂದೇ ಅಲ್ಲ, ರಬ್ಬರ್ ಮೆತ್ತಗೂ ಇರಬೇಕು. ಸ್ಪೋರ್ಟ್ಸ್ ಕಾರುಗಳಿಗೆ ಸಾಮಾನ್ಯವಾಗಿ ಬರುವ ಬೇಸಿಗೆ ಟೈರಂತೂ 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ.

ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹಿಮದ ಟೈರು ಹಾಕಿದರೆ ಸಾಕು ಅನ್ನುವವರೂ ಸಿಗುತ್ತಾರೆ. ಬೇಡ. ಹೊರಡುವುದು ಸುಲಭವಾಗಬಹುದು, ತಿರುವಿನಲ್ಲಿ ಮುಂದಿನ ಚಕ್ರ ಮಾತು ಕೇಳುವುದಿಲ್ಲ. ನಾಲ್ಕೂ ಹಾಕಿಸಿ. ಫೋರ್ ವೀಲ್ ಡ್ರೈವ್ ಇದ್ದರೂ ಇದೇ ಮಾತು, ಬ್ರೇಕ್ ಹಿಡಿದಾಗ ಅದರಿಂದ ಏನೂ ಸಹಾಯವಿಲ್ಲ. ಅಗಲ ಟೈರು ನೋಡಲು ಚೆಂದ, ಆದರೆ ಹಿಮದಲ್ಲಿ ಸ್ವಲ್ಪ ಕಿರಿದಾದದ್ದೇ ಒಳ್ಳೆಯದು. ಯಾವ ಅಳತೆಗೆ ಅನುಮತಿ ಇದೆ ಅಂತ ಕಾರಿನ ಕಾಗದದಲ್ಲಿ ನೋಡಿ, ಚಿಕ್ಕ ರಿಮ್ ಬ್ರೇಕಿಗೆ ತಾಗುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಕಾನೂನು 1.6 ಮಿಲಿಮೀಟರ್ ಬಟನ್ ಸಾಕು ಅನ್ನುತ್ತದೆ. ಹಿಮಕ್ಕೆ 4 ಆದರೂ ಬೇಕು.

ಇಷ್ಟೆಲ್ಲ ಖರ್ಚು ಬೇಡ ಅನ್ನಿಸಿದರೆ ಸೀಸನ್ ನಂಬರ್ ಪ್ಲೇಟ್ ಮಾಡಿಸಿ. ಏಪ್ರಿಲಿಂದ ಅಕ್ಟೋಬರ್ ತನಕ ಮಾತ್ರ ಓಡಿಸಿ, ತೆರಿಗೆ, ಇನ್ಶೂರೆನ್ಸ್ ಕೂಡ ಕಡಿಮೆ. ಉಳಿದ ತಿಂಗಳು ಅದನ್ನು ರಸ್ತೆ ಬದಿ ನಿಲ್ಲಿಸುವ ಹಾಗೂ ಇಲ್ಲ, ಗ್ಯಾರೇಜೋ ಖಾಸಗಿ ಜಾಗವೋ ಬೇಕು. ಊಲ್ಮ್‌ಗೆ ಹೇಗೂ ರೈಲಿದೆ, ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ.