ಗದಗಿನ ಬೇಸಿಗೆಗೆ ಸೋತ ಟ್ಯಾಕ್ ಮೀಟರ್

ಇಂಕಿನ ಅಂಟು ಅಳೆಯುವ ಮಷೀನು ಸಣ್ಣ ಪ್ರೆಸ್ಸಿಗೆ ಬೇಕಾ? ಮುದ್ರಣ ಕಾಶಿ ಅನ್ನಿಸಿಕೊಂಡ ಗದಗಿನಲ್ಲೂ ಎಷ್ಟೋ ಜನ ಕೇಳುತ್ತಾರೆ. ನಮ್ಮದು ನಾಲ್ಕು ಕಲರ್ ಆಫ್‌ಸೆಟ್. ಈ ಮಷೀನನ್ನು, ಅಂದರೆ ಟ್ಯಾಕ್ ಮೀಟರನ್ನು, ಸೆಕೆಂಡ್ ಹ್ಯಾಂಡ್ ತಗೊಂಡು ಕೆಲವು ವರ್ಷ ಆಯಿತು.

ನಮ್ಮ ಹಿರಿಯ ಮಷೀನ್‌ಮ್ಯಾನ್ ಎರಡು ಬೆರಳ ನಡುವೆ ಇಂಕು ಒತ್ತಿ ಬಿಡಿಸಿ, ಎಳೆ ನೋಡಿಯೇ ಅಂಟು ಎಷ್ಟಿದೆ ಅಂತ ಹೇಳಿಬಿಡುತ್ತಾರೆ. ಒಂದು ಇಂಕಿನ ಮಟ್ಟಿಗೆ ಅವರ ಮಾತು ಸುಳ್ಳಾಗುವುದಿಲ್ಲ. ತೊಂದರೆ ಇರುವುದು ನಾಲ್ಕು ಇಂಕು ಹಸಿಯಾಗಿಯೇ ಒಂದರ ಮೇಲೊಂದು ಬೀಳುವಾಗ. ಮೊದಲಿನದಕ್ಕೆ ಅಂಟು ಜಾಸ್ತಿ, ಮುಂದಿನವಕ್ಕೆ ಸ್ವಲ್ಪ ಸ್ವಲ್ಪವೇ ಕಡಿಮೆ ಇರಬೇಕು. ತಿರುವುಮುರುವಾದರೆ ಎರಡನೆಯದು ಮೊದಲಿನದನ್ನೇ ಕಿತ್ತುಕೊಂಡು ಬರುತ್ತದೆ. ಆ ಸಣ್ಣ ವ್ಯತ್ಯಾಸ ಬೆರಳಿಗೆ ಸಿಗುವುದಿಲ್ಲ.

ಬೆಳಿಗ್ಗೆ ಚಹಾ ಆದ ಮೇಲೆ ಅಳೆಯುವ ಕೆಲಸ ನನ್ನದೇ, ಯಾರಿಗೂ ಕೊಡುವುದಿಲ್ಲ. ಪಿಪೆಟ್ಟಿಗೆ (ಇಂಕು ಅಳೆದು ಹಾಕುವ ಕೊಳವೆ) 1.32 ಮಿಲಿ ಇಂಕು, ಗಾಳಿಗುಳ್ಳೆ ಇರಬಾರದು. ಬಾಯಿಯನ್ನು ಚಾಕುವಿನಿಂದ ಸಮ ಮಾಡಿ, ರಬ್ಬರ್ ರೋಲರಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತೇನೆ. ನಿಧಾನಕ್ಕೆ ತಿರುಗಿ ಇಂಕು ಹರಡಿದ ಮೇಲೆ ನಿಮಿಷಕ್ಕೆ 800 ಸುತ್ತು. ಆ ಚಟಚಟ ಸದ್ದು ಕೇಳುವುದೇ ಒಂದು ಖುಷಿ. ಸರಿಯಾಗಿ ಒಂದು ನಿಮಿಷಕ್ಕೆ ಮೀಟರ್ ತೋರಿಸುವ ಅಂಟಿನ ಅಂಕಿ ಬರೆದುಕೊಳ್ಳಬೇಕು. ಬ್ಲ್ಯಾಕಿನಿಂದ ಯೆಲ್ಲೋವರೆಗೆ ಅಂಕಿ ಮೆಟ್ಟಿಲಿನಂತೆ ಇಳಿಯಿತೋ, ನೆಮ್ಮದಿ. ಬ್ಯಾಚ್ ನಂಬರಿನ ಪಕ್ಕ ಬರೆದಿಟ್ಟ ಈ ಅಂಕಿ ತೋರಿಸಿದರೆ ಇಂಕು ಮಾರುವವರೂ ವಾದಕ್ಕೆ ನಿಲ್ಲುವುದಿಲ್ಲ, ಡಬ್ಬ ವಾಪಸ್ ತಗೊಳ್ಳುತ್ತಾರೆ.

ಇದೆಲ್ಲ ಜನವರಿಯ ಮಾತು. ಏಪ್ರಿಲ್ ಬಂದರೆ ಕಥೆ ಬೇರೆ. ರೋಲರಿನೊಳಗೆ ಹರಿಯುವ ನೀರು 32.2 ಡಿಗ್ರಿಯಲ್ಲೇ ಇರಬೇಕು. ನನ್ನ ಮಷೀನಿನ ತೊಟ್ಟಿ ನೀರು ಕಾಯಿಸುತ್ತದೆ, ತಂಪು ಮಾಡುವುದಿಲ್ಲ! ನಮ್ಮ ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ನೀರು ತಾನಾಗಿಯೇ ಅದನ್ನು ದಾಟುತ್ತದೆ. ಬಿಸಿಗೆ ಇಂಕಿನ ಅಂಟು ಸಡಿಲವಾಗಿ, ಒಳ್ಳೆ ಇಂಕಿಗೂ ಅಂಕಿ ಕಡಿಮೆ ಬೀಳುತ್ತದೆ. ಮಷೀನು ಮಾರಿದವರನ್ನು ಕೇಳಿದರೆ, ನೀರು ತಂಪು ಮಾಡಲು "ಚಿಲ್ಲರ್ ಬೇರೆ ತಗೋಬೇಕ್ರಿ" ಅಂದರು. ರೇಟು ಕೇಳಿ ಫೋನ್ ಇಟ್ಟೆ. ಐಸ್ ಹಾಕಿದರೆ ನೀರು ಇಳಿದು ಮತ್ತೆ ಏರುತ್ತದೆ, ಅಂಕಿ ಕುಣಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ ನಾಲ್ಕೂ ಬಣ್ಣ ಬೆನ್ನುಬೆನ್ನಿಗೆ ಅಳೆದು ಮುಗಿಸುತ್ತೇವೆ. ಯಾವುದು ಹೆಚ್ಚು, ಯಾವುದು ಕಡಿಮೆ ಅನ್ನುವುದಾದರೂ ಗೊತ್ತಾಗುತ್ತದೆ.

ಒಂದೆರಡು ಕಲರಿನ ಪ್ರೆಸ್ಸಿನವರಿಗೆ ಇದು ಸುಮ್ನೆ ಖರ್ಚು, ಬೆರಳೇ ಸಾಕು. ನಾಲ್ಕು ಕಲರಿನವರು ತಗೊಳ್ಳಿ, ಆದರೆ ದುಡ್ಡು ಕೊಡುವ ಮುಂಚೆ ತೊಟ್ಟಿ ತಂಪೂ ಮಾಡುತ್ತದಾ ಅಂತ ಕೇಳಿ. ಬನಿಯನ್ ವೇಸ್ಟ್ (ಒರೆಸುವ ಬಟ್ಟೆ ಚೂರು) ಜಾಸ್ತಿ ಇಟ್ಟುಕೊಳ್ಳಿ, ಪ್ರತಿ ಬಣ್ಣಕ್ಕೂ ರೋಲರ್ ಪೂರ್ತಿ ಒರೆಸಬೇಕು. ಕೆಲಸ ಮುಗಿದ ಮೇಲೆ ರೋಲರುಗಳನ್ನು ತಾಗಿಸಿ ಬಿಡಬೇಡಿ, ರಬ್ಬರಿಗೆ ತಗ್ಗು ಬೀಳುತ್ತದೆ.