ಇಂಗ್ಲೆಂಡಿನ ಲೈಟ್ ಟ್ರೇಲಿಗೆ ಅಪ್ಪ-ಅಮ್ಮನನ್ನು ಕರೆದೊಯ್ಯುವ ಮುನ್ನ

ಊರಿನಿಂದ ಬಂದಿದ್ದ ಅಪ್ಪ-ಅಮ್ಮನಿಗೆ ಇಲ್ಲಿಯ ಕ್ರಿಸ್‌ಮಸ್ ಸಡಗರ ತೋರಿಸಬೇಕೆಂಬ ಆಸೆಯಿಂದ ಕಳೆದ ಡಿಸೆಂಬರಿನ ಒಂದು ಶನಿವಾರ ದಕ್ಷಿಣ ಇಂಗ್ಲೆಂಡಿನ ಹಳೆಯ ಬಂಗಲೆಯೊಂದರ ತೋಟದಲ್ಲಿ ನಡೆಯುತ್ತಿದ್ದ ಲೈಟ್ ಟ್ರೇಲಿಗೆ, ಅಂದರೆ ದೀಪಾಲಂಕಾರದ ನಡುವೆ ನಡೆದು ನೋಡುವ ಪ್ರದರ್ಶನಕ್ಕೆ, ಹೋಗಿದ್ದೆವು. ಆ ಸಂಜೆ ನಾವು ಪಟ್ಟ ಪಾಡನ್ನು ಇಲ್ಲಿರುವ ಕನ್ನಡ ಕುಟುಂಬಗಳು, ಅದರಲ್ಲೂ ವಯಸ್ಸಾದವರನ್ನೂ ಕೂಸುಗಳನ್ನೂ ಜೊತೆಗೆ ಕರೆದೊಯ್ಯುವವರು, ಮತ್ತೊಮ್ಮೆ ಪಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಅಪ್ಪ-ಅಮ್ಮ ಮೈಸೂರಿನವರು. ದಸರೆಯಲ್ಲಿ ಲಕ್ಷಕ್ಕೆ ಹತ್ತಿರದಷ್ಟು ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುವ ಅರಮನೆಯನ್ನು ಕಂಡು ಬೆಳೆದ ಅವರಿಗೆ, "ಅರಮನೆಯ ದೀಪದ ಹಾಗೆಯೇ, ಚಳಿ ಮಾತ್ರ ಹೆಚ್ಚು" ಎಂದು ಹೇಳಿ ಹೊರಡಿಸಿದ್ದೆ. ಅರಮನೆಯ ದೀಪವನ್ನು ನಿಂತಲ್ಲೇ ನಿಂತು ನೋಡಬಹುದು, ಸಾಕಾದಾಗ ಮನೆಗೆ ಹೋಗಬಹುದು. ಲೈಟ್ ಟ್ರೇಲ್ ಎಂದರೆ ಕತ್ತಲಲ್ಲಿ ಒಂದೇ ದಿಕ್ಕಿಗೆ ಸಾಗುವ, ನಡುವೆ ಹಿಂದಿರುಗಲು ಬಿಡದ ಒಂದು ಮೈಲಿಯ ನಡಿಗೆ. ಈ ವ್ಯತ್ಯಾಸ ನನಗೆ ತಿಳಿದಿರಬೇಕಿತ್ತು.

ಟಿಕೆಟ್ ಕೊಳ್ಳುವಾಗಲೇ ಎಡವಟ್ಟು ಶುರುವಾಯಿತು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುತ್ತಿದ್ದ ಫ್ಯಾಮಿಲಿ ಟಿಕೆಟ್ ಇಬ್ಬರು ದೊಡ್ಡವರು ಮತ್ತು ಇಬ್ಬರು ಮಕ್ಕಳಿಗೆ ಮಾತ್ರ. ಅಜ್ಜ-ಅಜ್ಜಿ ಆ ಫ್ಯಾಮಿಲಿಯೊಳಗೆ ಸೇರುವುದಿಲ್ಲ, ಎರಡು ವರ್ಷದ ಮಗನಿಗೆ ಹೇಗೂ ಟಿಕೆಟ್ ಬೇಕಿಲ್ಲ, ಹಾಗಾಗಿ ಆ ಟಿಕೆಟಿನಿಂದ ನಮಗೆ ಉಳಿತಾಯವೇ ಇರಲಿಲ್ಲ. ನಾಲ್ವರು ದೊಡ್ಡವರಿಗೆ ತಲಾ 24 ಪೌಂಡ್, ಆರು ವರ್ಷದ ಮಗಳಿಗೆ 16, ಪಾರ್ಕಿಂಗಿಗೆ ಬೇರೆಯಾಗಿ 9, ಬುಕಿಂಗ್ ಶುಲ್ಕವೆಂದು 4, ಒಟ್ಟು 125 ಪೌಂಡ್ ತೆತ್ತೆವು.

ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ನಮ್ಮ ಪ್ರವೇಶದ ಸಮಯ ಐದೂವರೆಗೆ ಇತ್ತು. ನಲವತ್ತು ನಿಮಿಷದ ದಾರಿಯೆಂದು ನಾಲ್ಕೂಕಾಲಿಗೇ ಹೊರಟೆವು. ಆದರೆ ಬಂಗಲೆಗೆ ಇರುವುದು ಎರಡು ಕಾರು ಎದುರುಬದುರಾದರೆ ಒಂದು ಬೇಲಿಗೆ ಒತ್ತಿಕೊಂಡು ನಿಲ್ಲಬೇಕಾದಂಥ ಹಳ್ಳಿ ರಸ್ತೆ. ಹಿಂದಿನ ಸರದಿಯವರು ಹೊರಬರುವ ಹೊತ್ತು, ಮುಂದಿನವರು ಒಳಹೋಗುವ ಹೊತ್ತು ಒಂದೇ ಆದದ್ದರಿಂದ ಗಂಟೆಗೂ ಮಿಕ್ಕಿ ಅಲ್ಲೇ ಸಿಕ್ಕಿಕೊಂಡೆವು. ಗೇಟಿನಲ್ಲಿದ್ದ ಹುಡುಗಿ ತಡವಾದದ್ದಕ್ಕೆ ಏನೂ ಅನ್ನದೆ ಒಳಗೆ ಬಿಟ್ಟಳು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಪಾರ್ಕಿಂಗ್ ಎಂದರೆ ಅದೊಂದು ಹೊಲ. ಮೂರು ದಿನ ಮಳೆ ಬಿದ್ದಿತ್ತು, ದೀಪವಿಲ್ಲ, ನಡೆಯಲು ಹಲಗೆಯಾಗಲಿ ಜಲ್ಲಿಯಾಗಲಿ ಹಾಕಿರಲಿಲ್ಲ. ಅಪ್ಪ ಮೊಬೈಲಿನ ಟಾರ್ಚ್ ಹಿಡಿದು ಮುಂದೆ ನಡೆದರು. ಮಂಡಿನೋವಿನ ಅಮ್ಮ ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಹೆಂಡತಿಯ ಭುಜ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟರು. ಮಗನ ತಳ್ಳುಗಾಡಿಯ ಗಾಲಿಗಳಿಗೆ ಕೆಸರು ಮೆತ್ತಿಕೊಂಡು ತಿರುಗದೆ ಹೋದಾಗ ಮಗು ಸಮೇತ ಗಾಡಿಯನ್ನು ಎತ್ತಿಕೊಂಡೇ ಗೇಟು ತಲುಪಿದೆ. ಒಂದು ಮೈಲಿ ಎಂದು ಆಯೋಜಕರು ಹೇಳಿದ್ದು ಸುಳ್ಳಲ್ಲ, ಆದರೆ ಗೇಟಿನಿಂದ ಮುಂದಿನ ಲೆಕ್ಕ ಅದು; ಈ ಹೊಲ ಲೆಕ್ಕಕ್ಕಿಲ್ಲ.

ಒಳಗೆ ಜಾಹೀರಾತಿನ ಚಿತ್ರದಲ್ಲಿದ್ದ ದೀಪದ ಕಮಾನುಗಳ ಸುರಂಗವೂ ಬೆಂಕಿಯ ದೀಪಗಳ ತೋಟವೂ ಗಾಳಿಯ ಕಾರಣಕ್ಕೆ ಮುಚ್ಚಿದ್ದವು. ಗಾಳಿಯಲ್ಲಿ ಅವುಗಳನ್ನು ಮುಚ್ಚಿದ್ದು ಸರಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಮಧ್ಯಾಹ್ನವೇ ಮುಚ್ಚಲು ತೀರ್ಮಾನಿಸಿದ್ದೆವೆಂದು ಅಲ್ಲಿಯ ಕೆಲಸಗಾರರೇ ಹೇಳಿದ ಮೇಲೆ, ನಮ್ಮ ಈಮೇಲ್ ಅವರ ಬಳಿ ಇದ್ದೂ ಒಂದು ಸಾಲು ತಿಳಿಸಲಿಲ್ಲವಲ್ಲ ಎಂಬುದು ತಕರಾರು. ಶೌಚಾಲಯವಿದ್ದದ್ದು ಗೇಟಿನ ಬಳಿ ಮತ್ತು ನಡುದಾರಿಯ ತಿಂಡಿ ಅಂಗಡಿಗಳ ಬಳಿ ಮಾತ್ರ. ತೋಟದ ಬೆಂಚುಗಳಿಗೆ ಹಗ್ಗ ಕಟ್ಟಿದ್ದರಿಂದ ಅಮ್ಮ ಕೂತುಕೊಳ್ಳಲು ಜಾಗ ಸಿಕ್ಕಿದ್ದು ಆ ಅಂಗಡಿಗಳ ಮುಂದೆಯೇ. ಅಲ್ಲಿ ಒಂದು ಲೋಟ ಹಾಟ್ ಚಾಕೊಲೇಟಿಗೆ 5 ಪೌಂಡ್. "ಈ ದುಡ್ಡಿಗೆ ಊರಲ್ಲಿ ಒಂದು ವಾರದ ಹಾಲು ಬರುತ್ತಲ್ಲೋ" ಎಂದ ಅಮ್ಮ, ತಮಗೆ ಬೇಡವೆಂದರು. ಮಂಡಿ ಹಿಡಿದುಕೊಂಡಿದೆ, ಹಿಂದಿರುಗುತ್ತೇವೆ ಎಂದು ಕೇಳಿದರೆ, ಬಂದ ದಾರಿಯಲ್ಲಿ ಹೋಗುವಂತಿಲ್ಲ, ಮುಂದಕ್ಕೇ ಹೋಗಬೇಕು ಎಂಬ ಉತ್ತರ ಬಂತು.

ಹೊರಬಂದಾಗ ಕಾರು ಕೆಸರಿನಲ್ಲಿ ಹೂತಿತ್ತು. ಟ್ರ್ಯಾಕ್ಟರ್ ಬಂದು ಎಳೆಯುವವರೆಗೆ ಐವತ್ತು ನಿಮಿಷ ಕಾದು, ಮನೆ ಮುಟ್ಟಿದಾಗ ಹತ್ತು ಗಂಟೆ ದಾಟಿತ್ತು.

ಹಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ನಾನು ತಿಳಿದುಕೊಂಡದ್ದು ಅರ್ಧ ತಪ್ಪಾಗಿತ್ತು. 100 ಪೌಂಡಿಗಿಂತ ಹೆಚ್ಚಿನ ಖರೀದಿಗೆ ಕ್ರೆಡಿಟ್ ಕಾರ್ಡ್ ಬಳಸಿದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮಿನ ರಕ್ಷಣೆ, ಅಂದರೆ ಮಾರಿದವರು ಮಾತು ತಪ್ಪಿದರೆ ಕಾರ್ಡ್ ಕೊಟ್ಟ ಬ್ಯಾಂಕಿನಿಂದಲೇ ಹಣ ಕೇಳುವ ಹಕ್ಕು, ಸಿಗುತ್ತದೆಂದು ನಂಬಿ ನೆಮ್ಮದಿಯಾಗಿದ್ದೆ. ಬ್ಯಾಂಕಿನವರು, ಆ ಮೊತ್ತವನ್ನು ಒಟ್ಟು ಬಿಲ್ಲಿಗಲ್ಲ, ಒಂದೊಂದು ವಸ್ತುವಿಗೆ ನೋಡಬೇಕು, ನಿಮ್ಮದು 24 ಪೌಂಡಿನ ಬಿಡಿ ಬಿಡಿ ಟಿಕೆಟ್ ಎಂದರು. ಉಳಿಯುವುದು ಚಾರ್ಜ್‌ಬ್ಯಾಕ್, ಅಂದರೆ ಮಾರಿದವರಿಗೆ ಹೋದ ಹಣವನ್ನು ಬ್ಯಾಂಕಿನ ಮೂಲಕ ಹಿಂದಕ್ಕೆ ತರಿಸುವ ವ್ಯವಸ್ಥೆ, ಅದು ಡೆಬಿಟ್ ಕಾರ್ಡಿಗೂ ಉಂಟು, ಆದರೆ ಕಾನೂನಿನ ಹಕ್ಕಲ್ಲ, ಕಾರ್ಡ್ ಕಂಪನಿಗಳ ನಿಯಮ, ಮತ್ತು ಸಾಮಾನ್ಯವಾಗಿ 120 ದಿನಗಳೊಳಗೆ ಕೇಳಬೇಕು. ಕೊಂಡ 14 ದಿನಗಳಲ್ಲಿ ರದ್ದುಮಾಡುವ ಹಕ್ಕು ನಿಗದಿತ ದಿನದ ಮನರಂಜನೆಯ ಟಿಕೆಟಿಗೆ ಅನ್ವಯಿಸುವುದಿಲ್ಲ. ಆದರೆ "ಹಣ ವಾಪಸ್ಸಿಲ್ಲ" ಎಂದು ಬರೆದುಕೊಂಡ ಮಾತ್ರಕ್ಕೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇಲ್ಲವಾಗುವುದಿಲ್ಲ: ಸೇವೆಯನ್ನು ತಕ್ಕ ಎಚ್ಚರಿಕೆ ಮತ್ತು ಕುಶಲತೆಯಿಂದ ಕೊಡಬೇಕು, ಕೊಳ್ಳುವವರು ನೆಚ್ಚಿಕೊಂಡ ವಿವರಣೆ ಒಪ್ಪಂದದ ಭಾಗವಾಗುತ್ತದೆ, ಅದು ತಪ್ಪಿದರೆ ಬೆಲೆಯಲ್ಲಿ ಕಡಿತ ಕೇಳಬಹುದು. ಹೀಗೆ ಕೇಳಲು ಪುರಾವೆ ಬೇಕು. ಮುಚ್ಚಿದ ಸುರಂಗದ ಚಿತ್ರವನ್ನು ನಾನು ತೆಗೆದಿದ್ದೆ, ಹೊಲದ ಚಿತ್ರವನ್ನು ತೆಗೆಯಲು ಕೈ ಖಾಲಿಯಿರಲಿಲ್ಲ.

ಆಯೋಜಕರ ಚಿತ್ರಗಳನ್ನು ನೋಡಿ ಟಿಕೆಟ್ ಕೊಳ್ಳಬೇಡಿ. 2024ರ ಫೆಬ್ರುವರಿಯಲ್ಲಿ ಗ್ಲಾಸ್ಗೋದಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳನ್ನು ತೋರಿಸಿ 35 ಪೌಂಡ್‌ವರೆಗೂ ಟಿಕೆಟ್ ಮಾರಿ, ಹೆಚ್ಚುಕಡಿಮೆ ಖಾಲಿ ಗೋದಾಮಿಗೆ ಮಕ್ಕಳನ್ನು ಕರೆಸಿದ ಚಾಕೊಲೇಟ್ ಮೇಳಕ್ಕೆ ಪೊಲೀಸರು ಬರಬೇಕಾಯಿತು. ನಮ್ಮದು ಅಂಥ ಮೋಸವಲ್ಲ, ಬೇಜವಾಬ್ದಾರಿ. ಅದೇ ವರ್ಷ, ಅದೇ ವಾರ ಹೋಗಿಬಂದವರು ತೆಗೆದ ಚಿತ್ರಗಳನ್ನು ನೋಡಿ. ಪಾರ್ಕಿಂಗ್ ಟಾರು ಹಾಕಿದ ಜಾಗವೋ ಹೊಲವೋ, ಅಲ್ಲಿಂದ ಗೇಟಿಗೆ ಎಷ್ಟು ದೂರ, ಕೂರಲು ಎಲ್ಲಿ ಜಾಗವಿದೆ, ನಡುವೆ ಹೊರಬರಲು ದಾರಿಯಿದೆಯೇ, ಗಾಳಿಗೆ ಯಾವ ಭಾಗಗಳನ್ನು ಮುಚ್ಚುತ್ತಾರೆ ಎಂಬುದನ್ನು ಫೋನಿನಲ್ಲಲ್ಲ, ಈಮೇಲಿನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಕೂಸಿದ್ದರೆ ತಳ್ಳುಗಾಡಿಯನ್ನು ಮನೆಯಲ್ಲೇ ಬಿಟ್ಟು ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಒಯ್ಯಿರಿ.

ನನ್ನ ಮೊದಲ ಪತ್ರಕ್ಕೆ ಒಂಬತ್ತು ದಿನಗಳ ಮೇಲೆ ಮುಂದಿನ ವರ್ಷದ ಟಿಕೆಟಿಗೆ ಶೇಕಡಾ 20 ರಿಯಾಯಿತಿಯ ಕೂಪನ್ ಬಂತು. ಅದು ಬೇಡವೆಂದು, ಕಾಯ್ದೆಯ ಹೆಸರು ಹೇಳಿ ಎರಡನೆಯ ಪತ್ರ ಬರೆದ ಮೇಲೆ ಪಾರ್ಕಿಂಗಿನ 9 ಪೌಂಡ್ ಹಿಂದಿರುಗಿಸಿದರು. ಉಳಿದದ್ದಕ್ಕೆ ಚಾರ್ಜ್‌ಬ್ಯಾಕ್ ಅರ್ಜಿ ಬ್ಯಾಂಕಿನಲ್ಲಿದೆ.